ಕೆಳಗಿನಾಕಿಗೆ ಕನ್ನಡ ಬರುವುದಿಲ್ಲ

ನಮ್ಮ ಮನೆಯಲ್ಲಿ ಬೀದಿ ಬೆಕ್ಕುಗಳ ಜೊತೆ ಕನ್ನಡ ಮಾತಾಡುವಂತಿಲ್ಲ. ಮಾತಾಡಲೇಬೇಕೆಂದರೆ ಮರಾಠಿಯಲ್ಲಿ. ಈ ಕಾನೂನು ಮಾಡಿದವರು ನಮ್ಮ ಮನೆಯವರು. ಕೇಳಿದವರು ನಗುತ್ತಾರೆ, ನಗಲಿ. ಬೆಕ್ಕಿಗೆಲ್ಲಿಯ ಭಾಷೆಯೇ ಎಂದು ಧಾರವಾಡದ ನನ್ನ ತಂಗಿ ಫೋನು ಮಾಡಿದಾಗಲೆಲ್ಲ ಕೇಳುತ್ತಾಳೆ. ಬೆಕ್ಕಿಗೆ ಇಲ್ಲ ತಾಯಿ, ನನಗಿದೆ. ನನ್ನ ಬಾಯಿಂದ ಒಮ್ಮೆ ‘ಬಾರವ್ವ’ ಎಂಬ ಮಾತು ಬಿತ್ತೆಂದರೆ ಆ ಪ್ರಾಣಿ ನಮ್ಮ ಮನೆಯದಾಯಿತು ಎಂದೇ ಅರ್ಥ. ಆಮೇಲೆ ಅದನ್ನು ಹೊರಗೆ ಬಿಟ್ಟು ಬಾಗಿಲು ಹಾಕಿಕೊಳ್ಳುವುದು ನನ್ನ ಕೈಯಲ್ಲಿ ಆಗುವ ಕೆಲಸವಲ್ಲ.

ಇದರ ಮೂಲ ಹುಡುಕಿದರೆ ನಮ್ಮ ಅತ್ತೆಯ ಹತ್ತಿರ ಹೋಗಬೇಕು. ನಾನು ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದಾಗ ನಾವಿದ್ದದ್ದು ಹಳೇ ಪೇಟೆಯ ಒಂದು ಗಲ್ಲಿಯಲ್ಲಿ. ನೆಲಮಟ್ಟದ ಎರಡು ಕೋಣೆ, ಮುಂದೆ ಒಂದು ಹೊಸ್ತಿಲು, ಹೊಸ್ತಿಲು ದಾಟಿದರೆ ಬೀದಿ. ಬೆಳಿಗ್ಗೆ ತೆರೆದ ಬಾಗಿಲನ್ನು ಮಲಗುವ ಹೊತ್ತಿಗೇ ಮುಚ್ಚುವುದು. ಅತ್ತೆ ಹೊಸ್ತಿಲ ಒಳಗೆ ಅಪ್ಪಟ ಕನ್ನಡ, ಹೊಸ್ತಿಲ ಹೊರಗೆ ಅಪ್ಪಟ ಮರಾಠಿ. ತರಕಾರಿ ಗಾಡಿಯವನು ಕೊತ್ತಂಬರಿ ಚಾಚಿದರೆ ‘ನಕೋ’. ಅದೇ ಕೊತ್ತಂಬರಿಯನ್ನು ನಾನು ಸಾರಿಗೆ ಹಾಕಲು ಹೋದರೆ ‘ಬ್ಯಾಡ’. ಹೊರಗಿನವರಿಗೆ ನಕೋ, ಮನೆಯವರಿಗೆ ಬ್ಯಾಡ. ಒಂದು ದಿನವೂ ತಪ್ಪಿದ್ದಿಲ್ಲ. ಒಲೆಗೆ ಕನ್ನಡದಲ್ಲಿ ಬೈಯುತ್ತಿದ್ದರು. ತುಳಸಿಗೆ ಕನ್ನಡದಲ್ಲಿ ಸುಖದುಃಖ ಹೇಳುತ್ತಿದ್ದರು. ನೀರು ಬಾರದ ನಲ್ಲಿಗೆ ಮಾತ್ರ ಮರಾಠಿಯಲ್ಲಿ ಬೈಗುಳ. ಯಾಕೆ ಎಂದು ಕೇಳಿದ್ದಕ್ಕೆ, “ಅದು ನಮ್ಮದಲ್ಲವ್ವಾ, ಮುನ್ಸಿಪಾಲ್ಟಿದು,” ಅಂದರು.

ಇದರಲ್ಲಿ ನನಗೂ ಒಂದು ಶಿಕ್ಷೆ ಇತ್ತು. ನನ್ನ ಮೇಲೆ ಸಿಟ್ಟು ಬಂದರೆ ಅತ್ತೆ ಬೈಯುತ್ತಿರಲಿಲ್ಲ, ಮರಾಠಿಗೆ ತಿರುಗುತ್ತಿದ್ದರು. ಚಹಾ ಒಯ್ದು ಕೊಟ್ಟರೆ “ಮಲಾ ನಕೋ” ಅನ್ನುವುದು. ಮುಗಿಯಿತು, ಆ ದಿನ ನಾನು ತರಕಾರಿ ಗಾಡಿಯವನ ಸಾಲಿಗೆ ಸೇರಿದೆ ಅಂತ. ಅಬ್ಬಾ, ಆ ‘ನಕೋ’ಗಿಂತ ಎರಡು ಏಟು ಕೊಟ್ಟಿದ್ದರೆ ವಾಸಿಯಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಯಾವಾಗಲೋ “ಏ, ಉಂಡೇನ?” ಎಂಬ ದನಿ ಅಡುಗೆಮನೆಯಿಂದ ಬಂದರೆ ನಾನು ಮತ್ತೆ ಹೊಸ್ತಿಲೊಳಗೆ ಬಂದಂತೆ. ಆ ‘ಏ’ಗೆ ನಾನು ಎಷ್ಟು ಕಾದಿದ್ದೇನೆ!

ಆ ಮನೆಯಲ್ಲಿ ಬೆಕ್ಕುಗಳಿದ್ದವು. ಎಷ್ಟಿದ್ದವು ಎಂದರೆ ಹೇಳಲಾರೆ, ಯಾಕೆಂದರೆ ಯಾವುದು ನಮ್ಮದು, ಯಾವುದು ಗಲ್ಲಿಯದು ಎಂದು ಯಾರೂ ಕೇಳಿದ್ದಿಲ್ಲ. ಸಾಕುವುದು ಎಂಬ ಮಾತೇ ಇರಲಿಲ್ಲ. ಬಾಗಿಲು ತೆರೆದಿರುತ್ತಿತ್ತು, ಬರುವುದು ಬರುತ್ತಿತ್ತು, ಉಳಿಯುವುದು ಉಳಿಯುತ್ತಿತ್ತು. ಹೊಸ್ತಿಲ ಮೇಲೆ ಕೂತ ಬೆಕ್ಕಿಗೆ ಅತ್ತೆ ಮೊದಲು ಮರಾಠಿಯಲ್ಲಿ ಕಾಯ್ ಪಾಹಿಜೆ, ಏನು ಬೇಕು ಎಂದು ವಿಚಾರಿಸುತ್ತಿದ್ದರು. ಅದು ನಾಲ್ಕು ದಿನ ಬಿಡದೆ ಬಂದು, ಒಂದು ಮಧ್ಯಾಹ್ನ ಒಳಗೆ ಬಂದು ಅಕ್ಕಿ ಚೀಲದ ಮೇಲೆ ಮಲಗಿತೆಂದರೆ, “ಎಲ್ಲಿ ಹಾಳಾಗಿ ಹೋಗಿದ್ದಿ ಇಷ್ಟೊತ್ತು?” ಎಂದು ಕನ್ನಡ ಶುರು. ಅಷ್ಟೇ ಶಾಸ್ತ್ರ. ಈಗ ನೆನೆದರೆ ಎಷ್ಟು ಹಗುರವಾಗಿತ್ತು ಎಲ್ಲ ಅನ್ನಿಸುತ್ತದೆ.

ಅರಿಷಿಣಿ ಎಂಬ ಬೆಕ್ಕು ಬಂದದ್ದು ಮಾತ್ರ ಬಾಗಿಲಿನಿಂದಲ್ಲ, ಜೇಜುರಿಯಿಂದ. ಅತ್ತೆಗೆ ಮೈಲಾರಲಿಂಗ ಮನೆದೇವರು. ಇಲ್ಲಿ ಅವನೇ ಖಂಡೋಬಾ. ಒಂದು ಅಮಾವಾಸ್ಯೆಗೆ ನಾವಿಬ್ಬರೂ ಜೇಜುರಿಗೆ ಹೋಗಿದ್ದೆವು. ಅಲ್ಲಿ ಭಂಡಾರ ಎಂದು ಅರಿಷಿಣ ಪುಡಿ ತೂರುತ್ತಾರೆ, ನೋಡಿದವರಿಗೆ ಗೊತ್ತು. ಮೆಟ್ಟಿಲು ಹಳದಿ, ಗೋಡೆ ಹಳದಿ, ಮನುಷ್ಯರ ಹುಬ್ಬು ರೆಪ್ಪೆ ಕೂಡ ಹಳದಿ. ಇಳಿಯುವಾಗ ದೀಪಮಾಲೆಯ ಕಂಬದ ಬುಡದಲ್ಲಿ ಒಂದು ಬೆಕ್ಕಿನ ಮರಿ ಕೂತಿತ್ತು. ಅದೂ ಹಳದಿ. ಅತ್ತೆ ನಿಂತುಬಿಟ್ಟರು. “ನೋಡಲ್ಲೇ, ಹಳದಿ ಬೆಕ್ಕು! ನಮ್ಮಪ್ಪ ಕೊಟ್ಟಾನ. ಎಲ್ಲಿ ನೋಡೀದಿ ಇಂಥ ಬಣ್ಣ?” ಎಂದವರೇ ಎತ್ತಿ ಸೆರಗಿನಲ್ಲಿ ಹಾಕಿಕೊಂಡರು. ಬಸ್ಸಿನಲ್ಲಿ ವಿಜಯಪುರದ ಕಡೆಯ ಯಾತ್ರಿಗಳಿದ್ದರು. ದಾರಿಯುದ್ದಕ್ಕೂ ಅತ್ತೆ ಮರಿಗೆ ಕನ್ನಡದಲ್ಲಿ ನಮ್ಮ ಮನೆ ಎಲ್ಲಿ, ಹಾಲು ಎಷ್ಟು ಹೊತ್ತಿಗೆ, ಅಕ್ಕಿ ಚೀಲ ಯಾವ ಮೂಲೆಯಲ್ಲಿ ಎಂದೆಲ್ಲ ಹೇಳುತ್ತ ಬಂದರೆ, ಅವರು ಕೇಳಿ ಕೇಳಿ ನಕ್ಕರು.

ಮನೆಗೆ ಬಂದು ನಾನು ಅದಕ್ಕೆ ಬೆಚ್ಚನೆಯ ನೀರಿನಲ್ಲಿ ಸ್ನಾನ ಮಾಡಿಸಿದೆ. ಮೋರಿಯಲ್ಲಿ ಹಳದಿ ನೀರು ಹರಿಯಿತು. ಹರಿದು ಹರಿದು ಕೊನೆಗೆ ನನ್ನ ಕೈಯಲ್ಲಿ ಉಳಿದದ್ದು ಹಾಲಿನಂಥ ಬಿಳಿ ಮರಿ.

“ಅಯ್ಯ ನನ್ನ ಶಿವನ! ಬೆಕ್ಕು ಬದಲಾತಲ್ಲ!” ಅತ್ತೆ ತಲೆಯ ಮೇಲೆ ಕೈ ಇಟ್ಟುಕೊಂಡರು. “ನಿನಗ ಯಾರ ತೊಳಿ ಅಂದ್ರ? ದೇವರು ಕೊಟ್ಟ ಬಣ್ಣ ತೊಳದ ಬಿಟ್ಟೆಲ್ಲ!”

ಆ ಸಂಜೆ ಚಹಾಕ್ಕೆ “ಮಲಾ ನಕೋ” ಎಂಬ ಉತ್ತರ ಬಂತು. ಹೆಸರು ಮಾತ್ರ ಮೊದಲೇ ಇಟ್ಟಾಗಿತ್ತಲ್ಲ, ಬಿಳಿ ಬೆಕ್ಕಿಗೆ ಅರಿಷಿಣಿ ಎಂಬುದೇ ಖಾಯಂ ಆಯಿತು.

ಆಮೇಲೆ ನಾವು ವಿಮಾನ ನಗರದ ಈ ಫ್ಲ್ಯಾಟಿಗೆ ಬಂದೆವು. ಮೂರನೆಯ ಮಹಡಿ, ಲಿಫ್ಟು, ತನ್ನಷ್ಟಕ್ಕೇ ಮುಚ್ಚಿಕೊಳ್ಳುವ ಬಾಗಿಲು. ವಿಮಾನ ಹೋದಾಗೊಮ್ಮೆ ಅತ್ತೆ ಮಾತು ನಿಲ್ಲಿಸಿ, ಅದು ದಾಟಿದ ಮೇಲೆ ನಿಲ್ಲಿಸಿದ ಶಬ್ದದಿಂದಲೇ ಮುಂದುವರಿಸುತ್ತಿದ್ದರು. ಅವರಿಗೆ ಇಲ್ಲಿ ಹೊಸ್ತಿಲೇ ಇಲ್ಲ ಎಂಬುದೊಂದು ದೊಡ್ಡ ಕೊರಗು. “ಟೈಲ್ಸಿನ ಮ್ಯಾಲ ಟೈಲ್ಸು. ಎಲ್ಲಿ ಕನ್ನಡ ಮುಗೀತು, ಎಲ್ಲಿ ಮರಾಠಿ ಚಾಲೂ ಆತು, ಒಂದೂ ತಿಳಿಯಂಗಿಲ್ಲ,” ಅನ್ನುತ್ತಿದ್ದರು. ಕೆಲವು ವರ್ಷ ಇದ್ದು, ಒಂದು ಬೆಳಿಗ್ಗೆ ಅರಿಷಿಣಿ ಕಾಲ ಹತ್ತಿರ ಮಲಗಿರುವಾಗಲೇ ಹೋಗಿಬಿಟ್ಟರು. ಅವರು ಹೋದ ಮೇಲೂ ನಾನು ಅವರ ದನಿ ಎಳೆದು “ಎಲ್ಲಿ ಹಾಳಾಗಿ ಹೋಗಿದ್ದಿ?” ಅಂದರೆ ಅರಿಷಿಣಿಯ ಎರಡೂ ಕಿವಿ ಬಾಗಿಲ ಕಡೆ ತಿರುಗುತ್ತಿದ್ದವು. ನನ್ನ ಕಡೆಗಲ್ಲ, ಬಾಗಿಲ ಕಡೆ. ಈ ಮನೆಯಲ್ಲಿ ಅತ್ತೆಯ ದನಿ ನೆನಪಿಟ್ಟುಕೊಂಡವರು ನಾವು ಮೂವರೇ, ಅದರಲ್ಲಿ ಒಂದು ಬೆಕ್ಕು.

ಎರಡನೆಯದು ಬೋಕ್ಯಾ, ಗಂಡು ಬೆಕ್ಕು. ಒಂದು ಮಳೆಗಾಲದಲ್ಲಿ ಮೆಟ್ಟಿಲ ಮೇಲೆ ತೊಯ್ದು ಕೂತಿತ್ತು. ನಾನು ಸುಮ್ಮನೆ ದಾಟಿ ಹೋಗುವವಳೇ, ಬಾಯಿ ಕೇಳಲಿಲ್ಲ. “ಅಯ್ಯ, ಎಷ್ಟ ತೋದೀಯೋ ನನ್ನಪ್ಪ,” ಅಂದೆ. ಹಿಂದೆ ಬರುತ್ತಿದ್ದ ನಮ್ಮವರು ನಿಂತರು. “ಕನ್ನಡ ಮಾತಾಡಿದಿ. ಮುಗೀತಿನ್ನ, ಟಾವೆಲ್ಲು ತರ್ತೀನಿ,” ಅಂದರು.

ಆದರೆ ಬೋಕ್ಯಾ ಬಂದದ್ದೇ ತಡ, ಅರಿಷಿಣಿ ಮಂಚದ ಕೆಳಗೆ ಹೋದವಳು ಹೊರಗೆ ಬರಲಿಲ್ಲ. ಹಾಲು ಮುಟ್ಟಲಿಲ್ಲ, ಮೀನು ಮುಟ್ಟಲಿಲ್ಲ. ಡಾಕ್ಟರ ಹತ್ತಿರ ಒಯ್ದು ಸಲೈನು ಹಾಕಿಸಬೇಕಾಯಿತು. ಮೂತ್ರಪಿಂಡ ಮೊದಲೇ ಸೋತಿದೆ, ವಯಸ್ಸಾದ ಬೆಕ್ಕಿಗೆ ಇಂಥ ಸಂಕಟ ಇನ್ನೊಮ್ಮೆ ಬಂದರೆ ಉಳಿಯುವುದಿಲ್ಲ ಎಂದು ಆ ಡಾಕ್ಟರಮ್ಮ ಹೇಳಿದರು. “ಆತಾ ಆಣಖಿ ನಕೋ, ತಾಈ,” ಇನ್ನು ಬೇರೆ ಬೇಡ ಅಕ್ಕಾ, ಅಂದರು. ಆ ‘ನಕೋ’ ಕಿವಿಗೆ ಬಿದ್ದಾಗ ಅತ್ತೆಯೇ ಹೇಳಿದಂತಾಯಿತು. ಅರಿಷಿಣಿ ಬದುಕಿದಳು, ಬೋಕ್ಯಾನನ್ನು ಹೇಗೋ ಸಹಿಸಿಕೊಂಡಳು. ಆವತ್ತೇ ನಮ್ಮವರು ಕಾನೂನು ಮಾಡಿದ್ದು: ಇನ್ನು ಮುಂದೆ ಕಂಡ ಬೆಕ್ಕಿಗೆಲ್ಲ ಮರಾಠಿ. ಒಂದು ಶಬ್ದ ಕನ್ನಡ ಹೊರಡಕೂಡದು.

ಹೊರಡಕೂಡದು ಎನ್ನುವುದು ಸುಲಭ. ಈ ಊರಿನಲ್ಲಿ ಹೆಜ್ಜೆ ಹೆಜ್ಜೆಗೂ ಬೆಕ್ಕುಗಳಿವೆ. ಹಾಲಿನ ಅಂಗಡಿಯ ಕ್ರೇಟಿನ ಮೇಲೊಂದು, ಔಷಧಿ ಅಂಗಡಿಯ ತಕ್ಕಡಿಯ ಮೇಲೊಂದು, ಮಾಲಿನ ಹಿಂದೆ ಕಸದ ಡಬ್ಬಿಯ ಹತ್ತಿರ ಒಂದು ಇಡೀ ಸಂಸಾರ. ಹತ್ತಿರ ಹೋಗಿ ಮೂಗಿಗೆ ಬೆರಳು ಹಿಡಿಯುತ್ತೇನೆ, ಅದು ಮೂಸುತ್ತದೆ, “ಕಾಯ್ ಗ, ಬರೀ ಆಹೇಸ್ ನಾ?” ಚೆನ್ನಾಗಿದ್ದೀಯಾ ಎಂದು ಕೇಳಿ ಮುಂದೆ ನಡೆಯುತ್ತೇನೆ. ಬಾಡಿಗೆಗೆ ತಂದ ಪ್ರೀತಿ ಅದು, ಇದ್ದಲ್ಲೇ ಬಿಟ್ಟು ಬರಬೇಕು. ಹಿಂದಿರುಗಿ ನೋಡಬಾರದು ಎಂದುಕೊಂಡೇ ಹಿಂದಿರುಗಿ ನೋಡಿ ಎಷ್ಟು ಸಲ ಕಂಬಕ್ಕೆ ಹಣೆ ಬಡಿದುಕೊಂಡಿದ್ದೇನೋ.

ಹೀಗಿರುವಾಗ ಕೆಳಗಿನಾಕಿ ಬಂದಳು. ಕೆಳಗೆ ಪಾರ್ಕಿಂಗಿನಲ್ಲಿ ಇರುವಾಕೆ, ಅದಕ್ಕೇ ಕೆಳಗಿನಾಕಿ. ಹೆಸರಿಡುವುದೂ ನಿಷಿದ್ಧವಾಗಿತ್ತಲ್ಲ. ಬೂದು ಮೈ, ಬಿಳಿ ಕಾಲುಚೀಲ, ಯಾರೋ ಕಷ್ಟ ಹೇಳುತ್ತಿದ್ದರೆ ಕೇಳಿಸಿಕೊಳ್ಳುವಂಥ ಮುಖ. ಮೊದಲ ದಿನ ಅವಳು ನನ್ನ ಸ್ಕೂಟಿಯ ಸೀಟಿನ ಮೇಲೆ ಕೂತು ಉಗುರು ಮಸೆಯುತ್ತಿದ್ದಳು. ಹೊಸ ಸೀಟು! ನಾನು ಜಿಗಿದು ಹೋಗಿ ಕೈ ಎತ್ತಿ “ಏ! ಏ!” ಎಂದು ಗದರಿಸಿದೆ. ಅವಳು ತಟ್ಟನೆ ಇಳಿದಳು, ಇಳಿದು ನೆಟ್ಟಗೆ ನನ್ನ ಹತ್ತಿರ ಬಂದು ಕಾಲಿಗೆ ಮೈ ಉಜ್ಜಿದಳು. ಮತ್ತೆ “ಏ!” ಅಂದೆ. ಇನ್ನೂ ಉಜ್ಜಿದಳು.

ಪಕ್ಕದಲ್ಲಿ ನಿಂತಿದ್ದ ತಾಈ ಹೊಟ್ಟೆ ಹಿಡಿದು ನಕ್ಕರು. ತಾಈ ಎಂದರೆ ಮರಾಠಿಯಲ್ಲಿ ಅಕ್ಕ. ಇವರು ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯವರು, ಒಬ್ಬರೇ ಇದ್ದರು, ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. “ನೀವೇ ‘ಯೇ, ಯೇ’ ಅಂತ ಕರೀತಿದ್ದೀರಿ, ಅದು ಬರದೆ ಏನು ಮಾಡಬೇಕು?” ಎಂದು ಮರಾಠಿಯಲ್ಲಿ ಕೇಳಿದರು. ಆಗ ತಿಳಿಯಿತು ನೋಡಿ. ನಮ್ಮ ‘ಏ’ ಗದರಿಕೆ, ಮರಾಠಿಯ ‘ಯೇ’ ಎಂದರೆ ಬಾ. ಬರೆಯುವಾಗ ಬೇರೆಯಾದರೂ ನಮ್ಮ ಬಾಯಲ್ಲಿ ಎರಡೂ ಒಂದೇ. ಈ ಊರಲ್ಲಿ ಇಷ್ಟು ವರ್ಷ ಇದ್ದು, ಬೆಕ್ಕುಗಳನ್ನು ಓಡಿಸುತ್ತಿದ್ದೇನೆ ಎಂದುಕೊಂಡು ಕರೆಯುತ್ತಲೇ ಇದ್ದೆ ನಾನು.

ಅಲ್ಲಿಂದ ಅವಳು ನನ್ನ ಬೆನ್ನು ಬಿಡಲಿಲ್ಲ. ಬೆಳಿಗ್ಗೆ ಹಾಲಿಗೆ ಹೋದರೆ ಗೇಟಿನವರೆಗೆ, ಬರುವಾಗ ಗೇಟಿನಿಂದ ಲಿಫ್ಟಿನವರೆಗೆ. ನಾನೂ ತಾಈಯೂ ಸರದಿಯಲ್ಲಿ ಊಟ ಹಾಕುತ್ತಿದ್ದೆವು. ನಮ್ಮವರು ಮಾತ್ರ ಬಹಳ ಕಟ್ಟುನಿಟ್ಟು. ಜೀವನವಿಡೀ ಆಫೀಸಿನಲ್ಲಿ ಕಲಿತ ಮರಾಠಿಯಲ್ಲಿ, ಬಹುವಚನ ಹಚ್ಚಿ, “ತುಮ್ಹಿ ಇಥೇ ಬಸೂ ನಕಾ,” ತಾವು ಇಲ್ಲಿ ಕೂಡಬೇಡಿ ಎಂದು ಬೆಕ್ಕಿಗೆ ವಿನಂತಿ ಮಾಡುತ್ತಿದ್ದರು. ಅದು ಅಲ್ಲೇ ಕೂತಿರುತ್ತಿತ್ತು. ಇವರೂ ಅಲ್ಲೇ ನಿಂತಿರುತ್ತಿದ್ದರು. ವಾಕಿಂಗಿಗೆ ಹೋಗುತ್ತೇನೆಂದು ಇಳಿದವರು ಪಾರ್ಕಿಂಗಿನಲ್ಲೇ ವಾಕಿಂಗ್ ಮುಗಿಸಿ ಬರುವುದನ್ನು ನಾನು ಬಾಲ್ಕನಿಯಿಂದ ನೋಡಿದ್ದೇನೆ. ಕೇಳಿದರೆ, “ಮರಾಠೀನ ಮಾತಾಡೀನಿ ಮತ್ತ,” ಅನ್ನುತ್ತಿದ್ದರು.

ಆಷಾಢದ ಮಳೆ ಹಿಡಿದಾಗ ಒಂದು ಮಧ್ಯಾಹ್ನ ಹಿಂದಕ್ಕೆ ಬರುತ್ತಿದ್ದ ರಿಕ್ಷಾದ ಚಕ್ರ ಅವಳ ಹಿಂಗಾಲಿನ ಮೇಲೆ ಹಾಯಿತು. ನಾನು ಚೀಲದಲ್ಲಿ ಹಾಕಿಕೊಂಡು ಓಡಿದೆ. ಕಾಲಿಗೆ ಪಟ್ಟಿ ಕಟ್ಟಿದ ಡಾಕ್ಟರಮ್ಮ, ಕೂಡಿಕೊಳ್ಳುವವರೆಗೆ ಒಣ ಜಾಗದಲ್ಲಿ ಒಳಗೇ ಇಡಬೇಕು, ಪಾರ್ಕಿಂಗಿನಲ್ಲಿ ಬಿಟ್ಟರೆ ಕಾಲು ಹೋಗುತ್ತದೆ ಅಂದರು. ಅರಿಷಿಣಿಯನ್ನು ಬಲ್ಲವರು ಅವರು, ನನ್ನ ಮುಖ ನೋಡಿದರು.

ಏನು ಮಾಡಲಿ? ಮನೆಗೆ ತಂದು ಬಚ್ಚಲುಮನೆಯಲ್ಲಿ ಬಟ್ಟೆ ಹಾಸಿ ಮಲಗಿಸಿ ಬಾಗಿಲು ಹಾಕಿದೆ. ಸದ್ದಿಲ್ಲ, ವಾಸನೆ ಬರದಂತೆ ಬಾಗಿಲ ಸಂದಿಗೆ ಟವೆಲ್ಲು. ಬೆಕ್ಕಿನ ಮೂಗಿಗೆ ಟವೆಲ್ಲಿನ ಅಡ್ಡಿಯೇ? ಅರಿಷಿಣಿ ಬಂದಳು. ಬಚ್ಚಲ ಬಾಗಿಲ ಮುಂದೆ ಕೂತಳು. ಕೂಗಲಿಲ್ಲ, ಪರಚಲಿಲ್ಲ. ಸುಮ್ಮನೆ ಬಾಗಿಲು ನೋಡಿದಳು, ಆಮೇಲೆ ನನ್ನನ್ನು ನೋಡಿದಳು, ಎದ್ದು ಮಂಚದ ಕೆಳಗೆ ಹೋದಳು. ರಾತ್ರಿಯ ಊಟ ಹಾಗೇ ಉಳಿಯಿತು. ಬೆಳಿಗ್ಗೆಯ ಹಾಲೂ ಹಾಗೇ ಕೆನೆಗಟ್ಟಿತು. ನಾನು ನೆಲದ ಮೇಲೆ ಬೋರಲು ಮಲಗಿ ಮಂಚದ ಕೆಳಗೆ ಕೈ ಚಾಚಿ, ಅತ್ತೆಯ ದನಿಯಲ್ಲಿ “ಎಲ್ಲಿ ಹಾಳಾಗಿ ಹೋಗಿದ್ದಿ?” ಅಂದೆ. ಕಿವಿ ಕೂಡ ಅಲುಗಲಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ನಮ್ಮವರು ಮಂಚದ ಮೇಲೆ ಕೂತಿದ್ದರು. “ಅವ್ವನ ಬೆಕ್ಕು ಅದು,” ಅಂದರು.

ಕೆಳಗಿನಾಕಿಯನ್ನು ಎತ್ತಿಕೊಂಡು ನಾನು ಬಾಗಿಲ ಹೊರಗೆ ಬಂದೆ. ಅವಳು ನನ್ನ ಭುಜದ ಮೇಲೆ ಗದ್ದ ಊರಿ ಗುರ್‌ಗುರ್ ಅನ್ನುತ್ತಿದ್ದಳು, ಎಲ್ಲಿಗೆ ಎಂದು ಅವಳಿಗೇನು ಗೊತ್ತು. “ಚಲ್ ಬಾಳ, ಚಲ್,” ಅಂದೆ. ನಡಿ ಮಗಳೇ, ನಡಿ. ಮರಾಠಿಯಲ್ಲೇ ಅಂದೆ. ಗಂಟಲಲ್ಲಿ ಕನ್ನಡ ಬಂದು ಕೂತಿತ್ತು. ಒಂದೇ ಒಂದು ಮಾತು ಹೊರಗೆ ಬಿದ್ದರೂ ನಾನು ತಿರುಗಿ ಒಳಗೆ ಹೋಗಿಬಿಡುತ್ತಿದ್ದೆ, ಅರಿಷಿಣಿಯ ಕಥೆ ಮುಗಿಯುತ್ತಿತ್ತು. ಹಲ್ಲು ಕಚ್ಚಿ ಹಿಡಿದೆ. ಲಿಫ್ಟಿನ ಮುಂದೆ ನಿಂತು ಅತ್ತುಬಿಟ್ಟೆ, ನಾಚಿಕೆ ಬಿಟ್ಟು, ದನಿ ತೆಗೆದು ಅತ್ತುಬಿಟ್ಟೆ.

ತಾಈ ಬಾಗಿಲು ತೆರೆದರು. ಎರಡೂ ಕೈ ಚಾಚಿ “ದ್ಯಾ ಇಕಡೇ,” ಇತ್ತ ಕೊಡಿ ಅಂದರು. “ದೀಪಾವಳಿಗೆ ನಾನು ಊರಿಗೆ ಹೋಗಿಬಿಡುವವಳು, ಅಲ್ಲಿವರೆಗೆ ಇರಲಿ, ಆಮೇಲೆ ನನ್ನ ಜೊತೆಗೇ ಬರಲಿ,” ಅಂದರು. ಅವರು ಕೆಲಸದಿಂದ ನಿವೃತ್ತರಾಗುವವರಿದ್ದರು. ಊರು ಇಂದಾಪುರ, ಸೋಲಾಪುರ ರಸ್ತೆಯಲ್ಲಿ. ಅಲ್ಲಿ ಅಕ್ಕನ ಸಂಸಾರ, ಅಂಗಳ, ಸುತ್ತ ಕಬ್ಬು.

ನಮ್ಮ ಬಾಗಿಲು ಮುಚ್ಚಿದ ಮೇಲೆ ಅರಿಷಿಣಿ ಬಚ್ಚಲನ್ನು ಮೂಲೆ ಮೂಲೆ ಮೂಸಿ ನೋಡಿ ಬಂದು ಹಾಲು ಕುಡಿದಳು. ಮುದುಕಿಯ ಹಟ ನೋಡಿ! ಬೈಯಬೇಕೆನಿಸಿತು, ಮುದ್ದು ಮಾಡಬೇಕೆನಿಸಿತು, ಎರಡನ್ನೂ ಮಾಡಿದೆ.

ಕೆಳಗಿನಾಕಿಯ ಕಾಲು ಕೂಡಿತು. ತುಸು ಕುಂಟು ಉಳಿಯಿತು, ಅಷ್ಟೇ. ನಾನು ದಿನಾ ತಾಈಯ ಮನೆಗೆ ಹೋಗಿ ಕೂಡುತ್ತಿದ್ದೆ, ಅವಳು ನನ್ನ ತೊಡೆಯ ಮೇಲೆ ಬಂದು ಮಲಗುತ್ತಿದ್ದಳು, ನಾವು ಮೂವರೂ ಮರಾಠಿಯಲ್ಲಿ ಮಾತಾಡುತ್ತಿದ್ದೆವು. ದೀಪಾವಳಿ ಹತ್ತಿರ ಬಂದಾಗ ತಾಈಯ ಸಾಮಾನು ಟೆಂಪೋ ಹತ್ತಿತು. ಬುಟ್ಟಿಯಲ್ಲಿ ಕೂತ ಅವಳಿಗೆ ನಾನು “ನೀಟ್ ಜಾ ಗ,” ಹುಷಾರಾಗಿ ಹೋಗು ಅಂದೆ. ಸೀರೆ ಕೊಂಡವರಿಗೆ ಅಂಗಡಿಯವರು ಹೇಳಿದ ಹಾಗೆ ಕೇಳಿಸಿತು ನನ್ನ ಕಿವಿಗೇ. ನಮ್ಮವರು ಬಹುವಚನದಲ್ಲಿ ಬೀಳ್ಕೊಟ್ಟರು.

ಸಂಕ್ರಾಂತಿ ಕಳೆದ ಮೇಲೆ ಅರಿಷಿಣಿ ಹೋದಳು. ಈ ಸಲ ಯಾರ ಮೇಲಿನ ಸಿಟ್ಟಿಗೂ ಅಲ್ಲ, ವಯಸ್ಸಾಗಿತ್ತು. ಬಿಸಿಲು ಬೀಳುವ ಕಿಟಕಿಯ ಕೆಳಗೆ ನನ್ನ ಮಡಿಲಲ್ಲೇ ಇದ್ದಳು. ಅವಳನ್ನು ಮಣ್ಣು ಮಾಡುವಾಗ ನಮ್ಮವರು ದೇವರ ಗೂಡಿನಿಂದ ಜೇಜುರಿಯ ಭಂಡಾರದ ಪೊಟ್ಟಣ ತಂದು ಮೈತುಂಬ ಹಾಕಿದರು. ಬಿಳಿ ಬೆಕ್ಕು ಬಂದ ದಿನದ ಹಾಗೆ ಹಳದಿಯಾಯಿತು. “ಈಗ ಖುಷಿ ಆತೇನ್ರೀ?” ಎಂದು ನಾನು ಆಕಾಶ ನೋಡಿ ಅತ್ತೆಗೆ ಕೇಳಿದೆ. ಇಬ್ಬರೂ ಅತ್ತೆವು. ಮನೆಯಲ್ಲಿ ಆ ದನಿಗೆ ಕಿವಿ ತಿರುಗಿಸುವವರು ಇನ್ನು ಯಾರೂ ಇಲ್ಲ.

ಕೆಲವು ವಾರಗಳಾದ ಮೇಲೆ ನನ್ನ ತಲೆಯಲ್ಲಿ ಒಂದೇ ವಿಚಾರ. ಈಗ ಜಾಗವಿದೆ. ಬೋಕ್ಯಾನದು ಯಾರ ಗೊಡವೆಯೂ ಇಲ್ಲದ ಸ್ವಭಾವ. ಕೆಳಗಿನಾಕಿಯನ್ನು ಮೊದಲು ಹಚ್ಚಿಕೊಂಡವಳು ನಾನಲ್ಲವೇ? ಕೇಳಿದರೆ ತಾಈ ಇಲ್ಲ ಅಂದಾರೆಯೇ? ಒಂದು ಬೆಳಿಗ್ಗೆ ಬೆಕ್ಕು ಒಯ್ಯುವ ಜಾಳಿಗೆಯ ಚೀಲವನ್ನು ಝಾಡಿಸಿ, ಒಳಗೆ ಮೆತ್ತನೆಯ ಬಟ್ಟೆ ಹಾಸಿ, ತಾಈಯನ್ನು ನೋಡಿಕೊಂಡು ಬರುತ್ತೇನೆ ಎಂದು ಹೊರಟೆ. ನಮ್ಮವರು ಚೀಲ ನೋಡಿದರು, ನನ್ನನ್ನು ನೋಡಿದರು. “ಹುಷಾರಾಗಿ ಹೋಗಿ ಬಾ,” ಅಂದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಅವಳಿಗೆ ಹೇಳಬೇಕಾದ ಕನ್ನಡವನ್ನೆಲ್ಲ ಮನಸ್ಸಿನಲ್ಲೇ ಹೇಳಿ ನೋಡಿದೆ. ಮನೆ ಎಲ್ಲಿ, ಹಾಲು ಎಷ್ಟು ಹೊತ್ತಿಗೆ, ಬಿಸಿಲು ಯಾವ ಕಿಟಕಿಗೆ. ಅತ್ತೆ ಜೇಜುರಿಯಿಂದ ಬರುವಾಗ ಹೇಳಿದ್ದನ್ನೇ ಹೇಳುತ್ತಿದ್ದೇನೆ ಎಂದು ಅರ್ಧ ದಾರಿಯಲ್ಲಿ ಹೊಳೆದು ನಗು ಬಂತು.

ಇಂದಾಪುರದ ಆ ಮನೆಗೆ ಹೊಸ್ತಿಲಿತ್ತು. ಬಾಗಿಲು ಹಾರು ಹೊಡೆದಿತ್ತು. ಹೊಸ್ತಿಲ ಮೇಲೆ ತಾಈಯ ಅಕ್ಕ ಕೂತು ಕಾಳು ಹಸನು ಮಾಡುತ್ತಿದ್ದರು, ಅವರ ಮೊಣಕಾಲಿಗೆ ಬೆನ್ನು ಹಚ್ಚಿ ಕೆಳಗಿನಾಕಿ ಮಲಗಿದ್ದಳು. ಮೈ ತುಂಬಿಕೊಂಡಿದ್ದಳು. ನಾನು ಚೀಲ ಕೆಳಗಿಟ್ಟು ಅಂಗಳದಲ್ಲೇ ಕೂತು, ಇಷ್ಟು ದಿನ ನುಂಗಿದ್ದನ್ನು ಹೊರಗೆ ತಂದೆ.

“ಬಾರವ್ವ. ಬಾ ನನ್ನ ಕೂಸ. ನಾನು ನೋಡು, ಬಂದೀನಿ.”

ಅವಳು ಒಂದು ಕಣ್ಣು ತೆರೆದಳು. ಯಾರೋ ಯಾರಿಗೋ ಏನೋ ಹೇಳುತ್ತಿದ್ದಾರೆ ಎಂಬ ಹಾಗೆ ಮತ್ತೆ ಮುಚ್ಚಿದಳು. ಅಲುಗಲಿಲ್ಲ. ಮತ್ತೆ ಕರೆದೆ. ಊಹೂಂ. ಒಳಗಿನಿಂದ ಬಂದ ತಾಈ ನಗುತ್ತ, “ಅವಳಿಗೆ ಕನ್ನಡ ಎಲ್ಲಿ ಬರುತ್ತೆ? ನೀವು ಕಲಿಸಲೇ ಇಲ್ಲವಲ್ಲ,” ಅಂದರು. ಅವರು ತಮಾಷೆಗೇ ಅಂದದ್ದು. ಹೌದಲ್ಲ, ನಾನೇ ಕಲಿಸಲಿಲ್ಲ. ಕಲಿಸಬಾರದೆಂದೇ ಕಲಿಸಲಿಲ್ಲ. ದುಃಖಕ್ಕೋ ಸಿಟ್ಟಿಗೋ ತಡೆಯಲಾಗದೆ ಬಾಯಿಂದ ಬಂದುಬಿಟ್ಟಿತು:

“ಏ! ಇಷ್ಟ ಲಗೂನ ಮರತೇನ ನನ್ನ?”

ಕೆಳಗಿನಾಕಿ ತಟ್ಟನೆ ಎದ್ದಳು. ಕುಂಟುತ್ತ ಅಂಗಳ ದಾಟಿ ನೆಟ್ಟಗೆ ಬಂದು ನನ್ನ ತೊಡೆಗೆ ಮೈ ಉಜ್ಜಿದಳು. ಗದರಿಕೆ ಅವಳಿಗೆ ಗೊತ್ತಾಗಲಿಲ್ಲ, ಕರೆದದ್ದು ಗೊತ್ತಾಯಿತು. ನಾನು “ಏ ಹುಚ್ಚೀ, ಏ ಹುಚ್ಚೀ” ಎಂದು ಬೈಯುತ್ತಲೇ ಇದ್ದೆ, ಅವಳು ಬರುತ್ತಲೇ ಇದ್ದಳು. ಬಹಳ ಹೊತ್ತು ಹಾಗೇ ಇದ್ದೆವು. ಆಮೇಲೆ ಅವಳು ನನ್ನ ಜಾಳಿಗೆಯ ಚೀಲವನ್ನು ಒಮ್ಮೆ ಮೂಸಿದಳು, ತಿರುಗಿ ನಡೆದಳು, ಹೊಸ್ತಿಲು ಹತ್ತಿ ಅಕ್ಕನ ಮೊಣಕಾಲಿಗೆ ಬೆನ್ನು ಹಚ್ಚಿ ಮಲಗಿದಳು. ಅಕ್ಕ ಕಾಳಿನಿಂದ ಕಣ್ಣು ತೆಗೆಯದೆ ಮರಾಠಿಯಲ್ಲಿ “ಎಲ್ಲಿಗೆ ಹೋಗಿದ್ದೆ ಗ?” ಎಂದು ಅವಳನ್ನು ಕೇಳಿದರು. ಅದೇ ಪ್ರಶ್ನೆ, ಅದೇ ದನಿ. ನಾನು ಕೇಳಬೇಕೆಂದು ಬಂದದ್ದನ್ನು ಕೇಳಲಿಲ್ಲ.

ಹೊರಡುವಾಗ ಅಕ್ಕ ನನ್ನ ಚೀಲ ಖಾಲಿ ಇರುವುದು ನೋಡಿ, ಖಾಲಿ ಕೈಯಲ್ಲಿ ಕಳಿಸುವುದುಂಟೇ ಎಂದು ಅದರ ತುಂಬ ದಾಳಿಂಬೆ ತುಂಬಿದರು. ನಾನು “ನಕೋ, ನಕೋ” ಅಂದೆ. ಅವರು ಕೇಳಲಿಲ್ಲ.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ನನ್ನ ಹೆಜ್ಜೆಯ ಸದ್ದಿಗೆ ಕಾದವರಂತೆ ನಮ್ಮವರು ಬಾಗಿಲು ತೆರೆದರು. ಒಳಗೆ ನೋಡಿದರೆ ಕಿಟಕಿಯ ಕೆಳಗೆ ಅರಿಷಿಣಿಯ ಬಟ್ಟಲು ತೊಳೆದಿಟ್ಟಿತ್ತು, ಅದರಲ್ಲಿ ಹಾಲಿತ್ತು. ಬೋಕ್ಯಾನನ್ನು ಒಳಕೋಣೆಗೆ ಹಾಕಿ ಕದ ಮುಚ್ಚಿದ್ದರು. ಅವರು ನನ್ನ ಕೈಯಿಂದ ಭಾರದ ಚೀಲವನ್ನು ಮೆಲ್ಲಗೆ, ಎರಡೂ ಕೈಯಲ್ಲಿ ಇಳಿಸಿಕೊಂಡರು. ನನಗೆ ಬಾಯಿ ತೆರೆಯಲು ಬಿಡಲಿಲ್ಲ. ಮೊಣಕಾಲು ನೋವಿನವರು ನೆಲಕ್ಕೆ ಕೂತರು, ಜಾಳಿಗೆಗೆ ಮುಖ ತಂದರು.

“ಬಾರವ್ವ,” ಅಂದರು. “ಬಾ ನಮ್ಮವ್ವ. ಎಲ್ಲಿ ಹಾಳಾಗಿ ಹೋಗಿದ್ದಿ ಇಷ್ಟ ದಿನ?”

ಒಳಗೆ ದಾಳಿಂಬೆ ಇದ್ದವು. ನಾನು ಅವರ ಪಕ್ಕದಲ್ಲಿ ಕೂತೆ.